ಎರಡನೆಯ ಸಲ ನುಡಿಸುವವರು ಯಾರು?

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ ಈಗ 20. ಹತ್ತು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದಾಳೆ, ಜೊತೆಗೆ ಟ್ರಿನಿಟಿಯ ಪಾಶ್ಚಾತ್ಯ ವಯೊಲಿನ್ ಎಂಟನೇ ಗ್ರೇಡ್ ಮುಗಿಸಿದ್ದಾಳೆ. ಬಿ.ಕಾಂ. ಕೊನೆಯ ವರ್ಷ. ಈಚೆಗೆ ನುಡಿಸುವುದಕ್ಕಿಂತ ಬರೆಯುವುದೇ ಜಾಸ್ತಿ. ಕಂಪ್ಯೂಟರಿನಲ್ಲಿ ಮೂರು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಬರೆದಿಟ್ಟಿದ್ದಾಳೆ. ಚೇಂಬರ್ ಸಂಗೀತದ, ಅಂದರೆ ನಾಲ್ಕೈದು ಜನರ ಪುಟ್ಟ ತಂಡ ನುಡಿಸುವ ಸಂಗೀತದ, ಸಂಯೋಜಕಿಯೇ ಆಗುತ್ತೇನೆ ಅನ್ನುತ್ತಾಳೆ. ಹೀಗೊಂದು ವೃತ್ತಿ ನಿಜಕ್ಕೂ ಇದೆಯೇ? ದುಡ್ಡು ಎಲ್ಲಿಂದ ಬರುತ್ತದೆ? ಈಗ ಅವಳು ಏನು ಮಾಡಬೇಕು?

ಉತ್ತರ: ವೃತ್ತಿ ಇದೆ. ಅದೊಂದರಿಂದಲೇ ಮನೆ ನಡೆಸುವವರು ಮಾತ್ರ ಯುರೋಪು, ಅಮೆರಿಕಗಳಲ್ಲೂ ಕಡಿಮೆ. ಉಳಿದವರು ಪಾಠ ಹೇಳುತ್ತಾರೆ, ತಾವೇ ನುಡಿಸುತ್ತಾರೆ, ಬೇರೆಯವರ ಸಂಗೀತವನ್ನು ವಾದ್ಯಗಳಿಗೆ ಹೊಂದಿಸಿಕೊಡುತ್ತಾರೆ, ಸಿನಿಮಾಕ್ಕೆ ಬರೆಯುತ್ತಾರೆ. ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರ ಒಪೆರಾ 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ನಡೆಯಿತು; ಆಮೇಲೂ ಅವರು ಟ್ಯಾಕ್ಸಿ ಓಡಿಸಿದರು, 41 ತುಂಬುವವರೆಗೆ ಇಂಥ ಕೆಲಸ ಬಿಡಲಾಗಲಿಲ್ಲ. ವನರಾಜ್ ಭಾಟಿಯಾ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲೂ ಪ್ಯಾರಿಸಿನಲ್ಲಿ ನಾದಿಯಾ ಬುಲಾಂಜೆ ಅವರ ಬಳಿಯೂ ಕಲಿತು ಬಂದವರು. ಮುಂಬೈಯಲ್ಲಿ ಅವರ ಒಲೆ ಉರಿದದ್ದು ಜಾಹೀರಾತಿನ ಜಿಂಗಲ್‌ಗಳಿಂದ ಮತ್ತು ಶ್ಯಾಮ್ ಬೆನೆಗಲ್ ಅವರ ಚಿತ್ರಗಳಿಂದ. ಪಂಜಾಬಿನಿಂದ ಲಂಡನ್ನಿಗೆ ಹೋದ ನರೇಶ್ ಸೋಹಲ್ ಮೊದಮೊದಲು ಸ್ವರಲಿಪಿ ನಕಲು ಮಾಡಿಕೊಡುವ ಕೆಲಸ ಹಿಡಿದರು. 1982ರಲ್ಲಿ ಅವರ ಕೃತಿ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಕೇಳಿಸಿತು. ಬಿ.ಕಾಂ. ಮುಗಿಸಲಿ ಎಂದು ನೀವು ಒತ್ತಾಯಿಸುತ್ತಿದ್ದರೆ ಅದರಲ್ಲಿ ತಪ್ಪೇನಿಲ್ಲ. ಈ ಕಸುಬಿನಲ್ಲಿ ಲೆಕ್ಕ ಬರೆಯಲು ಬರುವವರು ವಿರಳ.

ಹೊಟ್ಟೆಪಾಡಿನ ಮಾತಿಗೆ ಆಮೇಲೆ ಬರೋಣ. ಈ ದಾರಿಯಲ್ಲಿ ಮುಂದೆ ಹೋಗುತ್ತಿದ್ದೇವೋ ಇಲ್ಲವೋ ಎಂದು ಅಳೆಯುವುದು ಹೇಗೆ? ಬಹುಮಾನದಿಂದಲ್ಲ, ಮೊದಲ ಪ್ರದರ್ಶನದಿಂದಲೂ ಅಲ್ಲ. ಮೊದಲ ಪ್ರದರ್ಶನ ಹೇಗೋ ಆಗುತ್ತದೆ: ಕಾಲೇಜು ಏರ್ಪಡಿಸುತ್ತದೆ, ಗೆಳೆಯರು ನುಡಿಸಿಕೊಡುತ್ತಾರೆ. ಕೃತಿಯನ್ನು ಬರೆದವರ ಮುಖವನ್ನೇ ನೋಡದ ಇನ್ನೊಂದು ತಂಡ ಅದನ್ನು ತಾನಾಗಿ ಎತ್ತಿಕೊಂಡು ಎರಡನೆಯ ಸಲ ನುಡಿಸಿತೇ ಎಂಬುದೇ ಅಳತೆ. ಹೊಸ ಕೃತಿಗಳಲ್ಲಿ ಬಹುಪಾಲು ಆ ಎರಡನೆಯ ಸಲ ಕಾಣುವುದೇ ಇಲ್ಲ. ಅದಕ್ಕೆ ಕಾರಣ ಹಲವು ಬಾರಿ ಸಂಗೀತದ ಗುಣವಲ್ಲ. ವಾದ್ಯಗಳ ಆಯ್ಕೆ, ಕಾಗದದ ಕೆಲಸ, ಒಪ್ಪಂದದ ಒಂದು ಸಾಲು, ಇವೇ ಕೃತಿಯನ್ನು ಕೊಲ್ಲುತ್ತವೆ. ಚೇಂಬರ್ ಸಂಗೀತದಲ್ಲಿ ಒಂದು ಪಾರ್ಟಿಗೆ (ಒಂದು ವಾದ್ಯಕ್ಕೆ ಬರೆದ ಸಾಲಿಗೆ) ಒಬ್ಬರೇ ವಾದಕರು, ಮುಂದೆ ನಿಂತು ಕೈಯಾಡಿಸುವ ಕಂಡಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಮತ್ತೆ ನುಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆ ನಾಲ್ಕೈದು ಮಂದಿಯೇ. ಅವರಲ್ಲಿ ಒಬ್ಬರು ಮುಖ ಸಿಂಡರಿಸಿದರೂ ಸಾಕು, ಸ್ಕೋರು (ಎಲ್ಲ ಪಾರ್ಟುಗಳೂ ಒಟ್ಟಿಗಿರುವ ಪ್ರತಿ) ಬೀರುವಿಗೆ ಹೋಗುತ್ತದೆ.

ವಾದ್ಯಗಳಿಂದ ಶುರುಮಾಡುತ್ತೇನೆ. ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಒಂದು ದೊಡ್ಡ ಅನುಕೂಲ ಉಂಟು: ಅಂಥ ತಂಡಗಳು ಜಗತ್ತಿನ ಎಲ್ಲ ಕಡೆ ಈಗಾಗಲೇ ಕಟ್ಟಿ ನಿಂತಿವೆ. ಹೊಸ ಸಂಗೀತದ ಲೋಕದಲ್ಲಿ ಹಾಗೆಯೇ ಸಿದ್ಧವಾಗಿರುವ ಇನ್ನೊಂದು ಜೋಡಣೆ ಎಂದರೆ ಕೊಳಲು, ಕ್ಲಾರಿನೆಟ್, ವಯೊಲಿನ್, ಚೆಲ್ಲೊ, ಪಿಯಾನೊ. ಆಸ್ಟ್ರಿಯಾದ ಸಂಯೋಜಕ ಶೋನ್‌ಬೆರ್ಗ್ 1912ರಲ್ಲಿ ‘ಪಿಯರೊ ಲ್ಯುನೇರ್’ಗೆ ಈ ಐದನ್ನು ಬಳಸಿದ ಕಾರಣ ಅದಕ್ಕೆ ‘ಪಿಯರೊ’ ತಂಡವೆಂದೇ ಹೆಸರು. ಅದಕ್ಕೆ ತಾಳವಾದ್ಯವೊಂದು ಸೇರಿದರೆ ಎಯ್ತ್ ಬ್ಲ್ಯಾಕ್‌ಬರ್ಡ್‌ನಂಥ ಆರು ಜನರ ತಂಡ. ಅಮೆರಿಕದ ಸಂಯೋಜಕ ಸ್ಟೀವ್ ರೈಕ್ ಈ ತಂಡಕ್ಕೆ ‘ಡಬಲ್ ಸೆಕ್ಸ್‌ಟೆಟ್’ ಬರೆದಾಗ ಜಾಣತನ ಮಾಡಿದರು: ಹನ್ನೆರಡು ಜನ ಕೂತು ನುಡಿಸಬಹುದು, ಇಲ್ಲವೇ ಆರು ಜನ ತಮ್ಮದೇ ಧ್ವನಿಮುದ್ರಣದ ಎದುರು ನುಡಿಸಬಹುದು. 2009ರ ಪುಲಿಟ್ಜರ್ ಪ್ರಶಸ್ತಿ ಅದಕ್ಕೆ ಬಂತು; ಆದರೆ ಕೃತಿ ಓಡಾಡುತ್ತಿರುವುದಕ್ಕೆ ಈ ಎರಡು ಬಾಗಿಲ ವ್ಯವಸ್ಥೆಯ ಪಾಲೂ ಇದೆ. ವೀಣೆ, ಓಬೊ, ಮರಿಂಬಾ, ಡಬಲ್ ಬಾಸ್ ಎಂದು ಮನಸ್ಸಿಗೆ ತೋಚಿದ್ದನ್ನೆಲ್ಲ ಸೇರಿಸಿದರೆ ನಾದ ಚೆನ್ನಾಗಿರಬಹುದು, ಎರಡನೆಯ ಸಲ ಆ ನಾಲ್ವರನ್ನು ಒಟ್ಟುಗೂಡಿಸುವವರು ಯಾರು? ಫ್ರೆಂಚ್ ಸಂಯೋಜಕ ಮೆಸ್ಸಿಯಾನ್ ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿದ್ದಾಗ ಗೊರ್ಲಿಟ್ಜ್‌ನ ಶಿಬಿರದಲ್ಲಿ ಕ್ಲಾರಿನೆಟ್, ವಯೊಲಿನ್, ಚೆಲ್ಲೊ, ಪಿಯಾನೊಗಳಿಗೆ ಬರೆದ ‘ಕ್ವಾರ್ಟೆಟ್ ಫಾರ್ ದ ಎಂಡ್ ಆಫ್ ಟೈಮ್’ 1941ರ ಜನವರಿ 15ರಂದು ಅಲ್ಲೇ ಮೊದಲು ಕೇಳಿಸಿತು. ಕೈಗೆ ಸಿಕ್ಕ ವಾದಕರಿಗೆ ಬರೆದ ಆ ಜೋಡಣೆಯೇ ಮುಂದೆ ಎಷ್ಟೋ ಸಂಯೋಜಕರಿಗೆ ಮಾದರಿಯಾಯಿತು. ಅದು ಅಪವಾದ, ಅದನ್ನು ನೆಚ್ಚಿಕೊಳ್ಳಬೇಡಿ. ನಮ್ಮವರಿಗೆ ಅದರಲ್ಲಿ ಇನ್ನೊಂದು ಕುತೂಹಲ ಕಾದಿದೆ: ಮೊದಲ ಭಾಗದಲ್ಲಿ ಪಿಯಾನೊದ ಲಯ ಹೆಣೆದಿರುವುದು ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ದೇಶೀ ತಾಳಗಳಿಂದ. ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರರಿಂದ 17 ಮಾತ್ರಾಮೌಲ್ಯಗಳ ಸರಣಿ. ಅದರ ಮೇಲೆ 29 ಸ್ವರಮೇಳಗಳ ಇನ್ನೊಂದು ಸರಣಿ. ಎರಡೂ ಒಂದಕ್ಕೊಂದು ಸಿಗದೆ ಸುತ್ತುತ್ತಲೇ ಇರುತ್ತವೆ. ತಾಳವನ್ನು ಅಲಂಕಾರಕ್ಕೆ ಅಂಟಿಸದೆ ಕಟ್ಟಡದ ತೊಲೆಯಾಗಿ ಬಳಸುವುದು ಹೇಗೆಂದು ನಿಮ್ಮ ಮಗಳು ಅದನ್ನು ಸ್ಕೋರು ಹಿಡಿದು ಕೇಳಲಿ.

ಮೂರು ಕ್ವಾರ್ಟೆಟ್‌ಗಳನ್ನೂ ಕಂಪ್ಯೂಟರಿನಲ್ಲೇ ಬರೆದಿರುವುದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಕಂಪ್ಯೂಟರ್ ಸುಳ್ಳು ಹೇಳುತ್ತದೆ. ಅದಕ್ಕೆ ಕೈ ನೋಯುವುದಿಲ್ಲ, ಕಮಾನು ಮುಗಿಯುವುದಿಲ್ಲ. ವಯೊಲಿನ್ನಿನ ಅತಿ ಕೆಳಗಿನ ಜಿ ತಂತಿಯಲ್ಲಿ ಮಾತ್ರ ಸಿಗುವ ಎ ಮತ್ತು ಬಿ ಸ್ವರಗಳನ್ನು ಒಟ್ಟಿಗೆ ಬರೆದರೂ ಅದು ನುಡಿಸಿ ತೋರಿಸುತ್ತದೆ. ಮನುಷ್ಯರಿಗೆ ಒಂದೇ ತಂತಿಯ ಮೇಲೆ ಎರಡು ಸ್ವರ ಒಟ್ಟಿಗೆ ಬಾರದು. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಹದಿನಾರನೆಯ ಸ್ವರಗಳ, ಅಂದರೆ ಬಡಿತಕ್ಕೆ ನಾಲ್ಕು ಸ್ವರಗಳ, ಪಿಜ್ಜಿಕಾಟೊವನ್ನು (ಬೆರಳಿನಿಂದ ಮೀಟುವುದನ್ನು) ಅರ್ಧ ಪುಟ ಬರೆದರೆ ಬೆರಳು ಸೋತು ವೇಗ ಇಳಿಯುತ್ತದೆ. ಬೆರಳಿನಿಂದ ಮೀಟುತ್ತಿದ್ದವರು ಕಮಾನಿಗೆ ಮರಳಲು ಸುಮಾರು ಒಂದು ಸೆಕೆಂಡು ಬೇಕು, ನಾದ ತಗ್ಗಿಸುವ ಮ್ಯೂಟ್ ಹಾಕಲು ಅಥವಾ ತೆಗೆಯಲು ಎರಡು ಮೂರು. ಕೊಳಲಿನ ಕೆಳಗಿನ ಸ್ಥಾಯಿ ಕಂಪ್ಯೂಟರಿನಲ್ಲಿ ಗಟ್ಟಿಯಾಗಿ ಕೇಳುತ್ತದೆ, ಸಭಾಂಗಣದಲ್ಲಿ ಚೆಲ್ಲೊದ ಅಡಿಯಲ್ಲಿ ಮುಳುಗುತ್ತದೆ. ಆಕೆಗೆ ವಯೊಲಿನ್ ಗೊತ್ತಿರುವುದರಿಂದ ಮೇಲಿನ ಎರಡು ಪಾರ್ಟು ಸರಿಯಿರುತ್ತವೆ ಎಂದು ನನ್ನ ಊಹೆ. ತಪ್ಪುವುದು ಚೆಲ್ಲೊದಲ್ಲಿ: ಅದರ ತಂತಿ ಉದ್ದ, ಕೆಳಗಿನ ಸ್ಥಾನದಲ್ಲಿ ಒಂದನೇ ಬೆರಳಿನಿಂದ ನಾಲ್ಕನೆಯದಕ್ಕೆ ಸಲೀಸಾಗಿ ಸಿಗುವುದು ಮೂರು ಅರ್ಧಸ್ವರ, ಬೆರಳು ಚಾಚಿದರೆ ನಾಲ್ಕು. ವಯೊಲಿನ್ನಿನ ಬೆರಳ ಲೆಕ್ಕದಲ್ಲಿ ಬರೆದ ವೇಗದ ಸಾಲು ಚೆಲ್ಲೊದಲ್ಲಿ ಬರೀ ಕೈ ಜಾರಿಸುವ ಕಸರತ್ತಾಗುತ್ತದೆ. ಒಬ್ಬ ಚೆಲ್ಲೊ ವಾದಕರ ಜೊತೆ ಎರಡು ಗಂಟೆ ಕೂರುವುದು ಮೂರು ಪುಸ್ತಕ ಓದುವುದಕ್ಕಿಂತ ಮೇಲು.

ಇನ್ನು ಕಾಗದದ ಕೆಲಸ. ಹೊಸಬರು ಸ್ಕೋರನ್ನು ಅಂದಗಾಣಿಸುತ್ತಾರೆ, ಪಾರ್ಟುಗಳನ್ನು ಕೊನೆಯ ರಾತ್ರಿ ಒಂದು ಗುಂಡಿ ಒತ್ತಿ ಹೊರಗೆಳೆಯುತ್ತಾರೆ. ವಾದಕರು ನೋಡುವುದು ಪಾರ್ಟನ್ನು. ಆರ್ಕೆಸ್ಟ್ರಾ ಗ್ರಂಥಪಾಲಕರ ಸಂಘವಾದ ಮೋಲಾದ ಸೂಚನೆಯಂತೆ ಪಾರ್ಟಿನಲ್ಲಿ ಐದು ಗೆರೆಗಳ ಒಟ್ಟು ಎತ್ತರ 8 ಮಿಲಿಮೀಟರ್ ಇದ್ದರೆ ಉತ್ತಮ, 7ಕ್ಕಿಂತ ಇಳಿದರೆ ಒಪ್ಪುವಂತಿಲ್ಲ. ಪುಟ ತಿರುಗಿಸುವ ಜಾಗದಲ್ಲಿ ಕನಿಷ್ಠ ಎರಡು ಮೂರು ಸೆಕೆಂಡಿನ ವಿರಾಮ ಇರಬೇಕು. ಇಲ್ಲದಿದ್ದರೆ ಅರ್ಧ ಪುಟ ಖಾಲಿ ಬಿಟ್ಟಾದರೂ ಮುಂದಿನ ಪುಟಕ್ಕೆ ಹೋಗಿ. ಟ್ಯಾಬ್ಲೆಟ್ ಮತ್ತು ಕಾಲಿನ ಪೆಡಲ್ ಇರುವವರು ಹೆಚ್ಚಾಗಿದ್ದಾರೆ ನಿಜ, ಎಲ್ಲರೂ ಅಲ್ಲ. ನಾಲ್ಕು ಜನ ಒಂದೇ ಕ್ಷಣದಲ್ಲಿ ಪುಟ ತಿರುಗಿಸುವಂತೆ ಬಂದಿದ್ದರೆ ಅಲ್ಲಿ ಸಂಗೀತ ಸತ್ತಂತೆ. ಹತ್ತು ಬಾರ್ (ಸ್ವರಲಿಪಿಯಲ್ಲಿ ತಾಳದ ಖಾನೆ) ಸುಮ್ಮನಿದ್ದು ಒಳಬರುವವರಿಗೆ ಬೇರೆಯವರ ಸಾಲಿನ ಎರಡು ಬಾರ್‌ಗಳನ್ನು ಸಣ್ಣ ಅಕ್ಷರದಲ್ಲಿ ಸುಳಿವಾಗಿ ಕೊಡಿ. ಪ್ರತಿ ಸಾಲಿನ ಆರಂಭದಲ್ಲಿ ಬಾರ್ ಸಂಖ್ಯೆ, ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ತಾರೀಕು. ತಾರೀಕು ಯಾಕೆಂದರೆ, ತಾಲೀಮಿನಲ್ಲಿ ಸಮಯ ಹಾಳಾಗುವುದು ಹೆಚ್ಚಾಗಿ ಹೀಗೆ: ಮೂವರ ಬಳಿ ಹೊಸ ಪಾರ್ಟು, ವಯೋಲಾದವರ ಬಳಿ ಹೋದ ತಿಂಗಳದ್ದು, 84ನೇ ಬಾರ್ ಎಲ್ಲಿದೆ ಎಂದು ಇಪ್ಪತ್ತು ನಿಮಿಷ ಹುಡುಕಾಟ. ಹನ್ನೆರಡು ನಿಮಿಷದ ಕ್ವಾರ್ಟೆಟ್‌ನ ಪಾರ್ಟುಗಳನ್ನು ಹದಕ್ಕೆ ತರಲು ಹೊಸಬರಿಗೆ ಮೂವತ್ತು ಗಂಟೆಯಾದರೂ ಹಿಡಿಯುತ್ತದೆ. ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಮ್ಯೂಸ್‌ಸ್ಕೋರ್ ಪುಕ್ಕಟೆ ಸಿಗುತ್ತದೆ, ಸಾಕಾಗುತ್ತದೆ, ಸಿಬೇಲಿಯಸ್, ಡೊರಿಕೊ ಆಮೇಲೆ ನೋಡಬಹುದು. ಫಿನಾಲೆಯ ಅಭಿವೃದ್ಧಿಯನ್ನು 2024ರಲ್ಲಿ ನಿಲ್ಲಿಸಿದ್ದಾರೆ, ಹೊಸದಾಗಿ ಅದನ್ನು ಹಿಡಿಯುವುದು ಬೇಡ.

ಕರ್ನಾಟಕ ಸಂಗೀತ ಬಲ್ಲವರು ಎಡವುವ ಜಾಗ ಬೇರೆಯೇ ಇದೆ. ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ತೋಡಿಯ ಗಾಂಧಾರ ಇ-ಫ್ಲ್ಯಾಟ್. ಹಾಗೆಂದು ಬರೆದುಕೊಟ್ಟರೆ ಪಾಶ್ಚಾತ್ಯ ವಾದಕರು ನೆಟ್ಟಗೆ ಇ-ಫ್ಲ್ಯಾಟ್ ನುಡಿಸುತ್ತಾರೆ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಬೇಕಾದದ್ದು ಗೂಟ ಹೊಡೆದಂತೆ ನಿಂತುಬಿಡುತ್ತದೆ, ತೋಡಿ ಎಲ್ಲೋ ಹೋಗುತ್ತದೆ. ಸರಿ ಎಂದು ಆ ತೂಗಾಟವನ್ನೆಲ್ಲ ಸಣ್ಣ ಸಣ್ಣ ಸ್ವರಗಳಾಗಿ ಬಿಡಿಸಿ ಬರೆದರೆ ಪುಟ ಕಪ್ಪಿಡುತ್ತದೆ, ವಾದಕರು ಎಣಿಸಲು ತೊಡಗುತ್ತಾರೆ, ಗಮಕ ಕವಾಯತಾಗುತ್ತದೆ. ನನ್ನ ಮಟ್ಟಿಗೆ ಕೆಲಸಕ್ಕೆ ಬರುವ ದಾರಿ ಎಂದರೆ ಆಧಾರ ಸ್ವರವನ್ನು ಸರಳವಾಗಿ ಬರೆದು ಮೇಲೆ ಒಂದು ಚಿಹ್ನೆ; ಸ್ಕೋರಿನ ಮೊದಲ ಪುಟದಲ್ಲಿ ಆ ಚಿಹ್ನೆಯ ವಿವರ; ಜೊತೆಗೆ ಆಕೆಯೇ ನಿಧಾನವಾಗಿ ನುಡಿಸಿದ ಒಂದೊಂದು ನಿಮಿಷದ ಧ್ವನಿಮುದ್ರಣ. ಒಂದು ಕೃತಿಗೆ ಇಂಥ ನಾಲ್ಕೈದು ಚಿಹ್ನೆ ಸಾಕು. ಹತ್ತು ದಾಟಿದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ದೇಹದ ಭಂಗಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಪಿಟೀಲು ವಾದಕರು ನೆಲದ ಮೇಲೆ ಕೂತು ವಾದ್ಯದ ತುದಿಯನ್ನು ಕಾಲಿಗೆ ಊರುತ್ತಾರೆ, ಎಡಗೈ ಭಾರ ಹೊರದೆ ತಂತಿಯುದ್ದಕ್ಕೂ ಹರಿದಾಡುತ್ತದೆ. ಗದ್ದದಡಿ ಹಿಡಿದು ನುಡಿಸುವವರಿಗೆ ಅಷ್ಟುದ್ದದ ಜಾರು ಅಷ್ಟು ಸಲೀಸಲ್ಲ. ಕುತೂಹಲದ ಸಂಗತಿಯೆಂದರೆ ಉದ್ದನೆಯ ಜಾರುವಿಗೆ ಚೆಲ್ಲೊ ಬಹಳ ಒಗ್ಗುತ್ತದೆ. ಇನ್ನೊಂದು ಮಾತು: ನಾಲ್ಕೂ ಜನರಿಗೆ ಒಂದೇ ಸ್ವರದಲ್ಲಿ ಕಂಪಿತ ಬರೆದರೆ ಒಬ್ಬೊಬ್ಬರ ತೂಗು ಒಂದೊಂದು ರೀತಿಯಾಗಿ ಕಲಸುಮೇಲೋಗರ. ಒಬ್ಬರು ತೂಗಲಿ, ಮೂವರು ನಿಶ್ಚಲವಾಗಿರಲಿ. ಹತ್ತು ನಿಮಿಷವೂ ಚೆಲ್ಲೊದಿಂದ ತಂಬೂರಿಯ ಕೆಲಸ ಮಾಡಿಸುವ ಚಾಳಿಯನ್ನಂತೂ ಬಿಡಲಿ. ಕಮಾನು ಬದಲಾಗುವುದು ಪ್ರತಿ ಸಲವೂ ಕೇಳುತ್ತದೆ, ವಾದಕರಿಗೆ ಬೇಸರವೂ ಬರುತ್ತದೆ. ಬೇಸರಗೊಂಡ ಚೆಲ್ಲೊ ವಾದಕರು ನಿಮ್ಮ ಕೃತಿಯನ್ನು ಮತ್ತೆ ಆರಿಸುವುದಿಲ್ಲ.

ತಾಳದಲ್ಲೂ ಹೀಗೆಯೇ. ಮಿಶ್ರ ಛಾಪನ್ನು 7/8 ಎಂದಷ್ಟೇ ಬರೆದರೆ ಸಾಲದು, ಸ್ವರಗಳ ಕಟ್ಟು 3+2+2 ಎಂದು ಕಣ್ಣಿಗೆ ಕಾಣಬೇಕು. ಕೋರ್ವೆಯಲ್ಲಿ, ಅಂದರೆ ಮುಕ್ತಾಯದ ಲಯವಿನ್ಯಾಸದಲ್ಲಿ, ನಾಲ್ವರೂ ಒಟ್ಟಿಗೆ ಹೋಗುವುದಾದರೆ ನುಡಿಕಟ್ಟಿಗೆ ತಕ್ಕಂತೆ ಬಾರ್ ಬದಲಿಸಿ, 5/8, 6/8, 7/8 ಎಂದು. ಇಬ್ಬರು ತಾಳ ಹಿಡಿದು ಇಬ್ಬರು ಅದರ ಮೇಲೆ ಲಯ ಹೆಣೆಯುವುದಾದರೆ ಬಾರ್ ಬದಲಿಸಬೇಡಿ, ಒತ್ತುಗಳನ್ನು ಮಾತ್ರ ತೋರಿಸಿ. ಎರಡನ್ನೂ ಬೆರೆಸಿದರೆ ಮೊದಲ ತಾಲೀಮು ಅಲ್ಲಿಗೇ ನಿಲ್ಲುತ್ತದೆ.

ಅಂದಹಾಗೆ, ಅಧ್ಯಯನಕ್ಕೆ ಒಂದು ಒಳ್ಳೆಯ ಭಂಡಾರ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ರೊನೊಸ್ ಕ್ವಾರ್ಟೆಟ್ ‘ಫಿಫ್ಟಿ ಫಾರ್ ದ ಫ್ಯೂಚರ್’ ಯೋಜನೆಯಲ್ಲಿ ಐವತ್ತು ಹೊಸ ಕ್ವಾರ್ಟೆಟ್‌ಗಳನ್ನು ಬರೆಸಿ ಸ್ಕೋರು, ಪಾರ್ಟು, ಧ್ವನಿಮುದ್ರಣಗಳನ್ನು ಉಚಿತವಾಗಿ ಕೊಟ್ಟಿದೆ. ಗ್ಲಾಸ್, ಟೆರಿ ರೈಲಿ, ಜಾಕಿರ್ ಹುಸೇನ್ ಬರೆದವೂ ಅದರಲ್ಲಿವೆ. ಯುವ ತಂಡಗಳಿಗೆಂದೇ ಬರೆಸಿದವು, ಹಾಗಾಗಿ ಪಾರ್ಟುಗಳನ್ನು ತೆರೆದಿಟ್ಟು ಬೇರೆಯವರು ಪುಟ ತಿರುಗಿಸುವ ಜಾಗ ಎಲ್ಲಿ ಮಾಡಿದ್ದಾರೆ ಎಂದು ನೋಡಿದರೂ ಪಾಠವೇ. ಅಮೆರಿಕದ ಸಂಯೋಜಕಿ ಕ್ಯಾರೊಲಿನ್ ಶಾ ಅವರ ‘ಆಂತ್ರಾಕ್ಟ್’ ಕೂಡ ಕೇಳಲಿ. ಹದಿನೆಂಟನೇ ಶತಮಾನದ ಸಂಯೋಜಕ ಹೈಡನ್‌ನ ಒಂದು ಮಿನ್ಯುಯೆಟ್ (ನೃತ್ಯಲಯದ ಭಾಗ) ಕೇಳಿದ ಗುಂಗಿನಲ್ಲಿ 2011ರಲ್ಲಿ ಬರೆದದ್ದು, ಈಗ ಎಷ್ಟೋ ತಂಡಗಳ ಕೈಯಲ್ಲಿದೆ. ಶಾ ಸ್ವತಃ ವಯೊಲಿನ್ ವಾದಕಿ. ಬರೆದದ್ದೆಲ್ಲ ಬೆರಳಿಗೆ ಗೊತ್ತಿರುವುದೇ. 2013ರಲ್ಲಿ 30ನೇ ವಯಸ್ಸಿಗೆ ಪುಲಿಟ್ಜರ್ ತಂದುಕೊಟ್ಟ ಗಾಯನ ಕೃತಿಯನ್ನೂ ಬರೆದದ್ದು ತಾನೇ ಹಾಡುತ್ತಿದ್ದ ತಂಡಕ್ಕೆ. ನಿಮ್ಮ ಮಗಳು ಪಿಟೀಲು ಕೆಳಗಿಡಬಾರದು ಎಂದು ನಾನು ಹೇಳುವುದು ಇದಕ್ಕೇ.

ಈಗ ದುಡ್ಡು. ಮುಖ್ಯ ಆದಾಯ ಕಮಿಷನ್. ನಮ್ಮ ಸರ್ಕಾರಿ ಆಫೀಸುಗಳ ಕಮಿಷನ್ ಅಲ್ಲ. ಇಂಥ ಕೃತಿ ಬರೆದುಕೊಡಿ ಎಂದು ತಂಡವೋ ಉತ್ಸವವೋ ಪ್ರತಿಷ್ಠಾನವೋ ಮುಂಗಡ ಗೊತ್ತುಮಾಡಿ ಕೊಡುವ ಸಂಭಾವನೆ. ಮೈಸೂರಿನವರಿಗೆ ಈ ವ್ಯವಹಾರ ಹೊಸದೇನಲ್ಲ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಸ್ವತಃ ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಬೆಂಬಲ ಅವರದೇ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ಇಂದು ಮಹಾರಾಜರ ಜಾಗದಲ್ಲಿ ಪ್ರತಿಷ್ಠಾನಗಳು, ಕಲಾ ಮಂಡಳಿಗಳು. ಅವರ ಬಾಗಿಲಿಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ತಂಡದವರೇ ಹೊರತು ಸಂಯೋಜಕರಲ್ಲ. ತಂಡಗಳ ಸ್ನೇಹ ಇಲ್ಲದೆ ಈ ಹಣ ಕೈಗೆ ಬಾರದು.

ಸಂಭಾವನೆ ಒಟ್ಟು ನಿಮಿಷ ಮತ್ತು ವಾದಕರ ಸಂಖ್ಯೆ ನೋಡಿ ನಿಗದಿಯಾಗುತ್ತದೆ. ತಿಂಗಳ ಲೆಕ್ಕಕ್ಕೆ ಇಳಿಸಿದಾಗ ನಿಜ ತಿಳಿಯುತ್ತದೆ. ವಾರಕ್ಕೆ ಒಂದು ಮುಗಿದ ನಿಮಿಷ ಬರೆಯುವವರು ಎಂದುಕೊಳ್ಳೋಣ. ಹನ್ನೆರಡು ನಿಮಿಷಕ್ಕೆ ಹನ್ನೆರಡು ವಾರ, ಪಾರ್ಟುಗಳಿಗೆ ಒಂದು, ತಾಲೀಮು ಮತ್ತು ತಿದ್ದುಪಡಿಗೆ ಇನ್ನೊಂದು: ತಿಂಗಳಿಗೆ ನಾಲ್ಕು ವಾರದಂತೆ ಒಟ್ಟು ಮೂರೂವರೆ ತಿಂಗಳು. ಉದಾಹರಣೆಗೆ ₹1,40,000 ಒಪ್ಪಿಕೊಂಡಿದ್ದರೆ ತಿಂಗಳಿಗೆ ₹40,000 ಬಿತ್ತು. ಅಷ್ಟು ಸಾಕೇ ಎಂಬುದು ಮುಂದಿನ ಕೆಲಸ ಕಾದಿದೆಯೇ ಎಂಬುದರ ಮೇಲೆ. ಒಂದೇ ತಂಡಕ್ಕೆ ಪೂರ್ತಿ ಹೊರೆ ಹೊರಲಾಗದಿದ್ದಾಗ ಮೂರು ನಾಲ್ಕು ತಂಡ ಕೂಡಿ ಚೀಟಿ ಹಾಕಿದಂತೆ ಹಣ ಹಾಕುತ್ತವೆ, ಒಬ್ಬೊಬ್ಬರು ತಮ್ಮ ಊರಿನಲ್ಲಿ ಮೊದಲ ಪ್ರದರ್ಶನ ಮಾಡಿಕೊಳ್ಳುತ್ತಾರೆ. ಸಂಭಾವನೆ ಅಷ್ಟೇ ಇದ್ದರೂ ಇದನ್ನೇ ಆರಿಸಬೇಕು: ಎರಡನೆಯ, ಮೂರನೆಯ ಪ್ರದರ್ಶನ ಒಪ್ಪಂದದಲ್ಲೇ ಬಂದುಬಿಟ್ಟಿತು.

ರಾಯಲ್ಟಿ, ಅಂದರೆ ಕೃತಿ ಪ್ರದರ್ಶನವಾದಾಗಲೆಲ್ಲ ಸಿಗುವ ಪಾಲು, ನಿಧಾನದ ಹಣ, ಸಣ್ಣ ಹಣ. ಭಾರತದಲ್ಲಿ ವಾಸಿಸುವ ಸಂಯೋಜಕರು 1969ರಲ್ಲಿ ಶುರುವಾದ, ಈ ಹಣ ವಸೂಲು ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಪ್ರತಿ ಕೃತಿಯನ್ನೂ ಅದರ ಅವಧಿ ಸಹಿತ ನೋಂದಾಯಿಸಬೇಕು. ಹೊರದೇಶದ ಗೆಮಾ, ಪಿಆರ್‌ಎಸ್‌ನಂಥ ಸಂಸ್ಥೆಗಳು ವಸೂಲು ಮಾಡಿದ್ದು ಪರಸ್ಪರ ಒಪ್ಪಂದದ ಮೂಲಕ ಇಲ್ಲಿಗೆ ಬರುತ್ತದೆ, ಒಂದು ವರ್ಷವೇ ಹಿಡಿಯಬಹುದು. ಕಳೆದುಹೋಗುವುದು ಹೇಗೆಂದರೆ, ಕಛೇರಿ ನಡೆಸಿದವರು ಕಾರ್ಯಕ್ರಮ ಪಟ್ಟಿಯನ್ನು ಸಂಸ್ಥೆಗೆ ಕಳಿಸುವುದೇ ಇಲ್ಲ. ಪ್ರತಿ ಪ್ರದರ್ಶನದ ಊರು, ಸಭಾಂಗಣ, ತಾರೀಕು, ಮುದ್ರಿತ ಪಟ್ಟಿ ಇವನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಲಿ. ಒಂದೇ ಹಕ್ಕಿಗೆ ಒಂದೇ ಪ್ರದೇಶದಲ್ಲಿ ಎರಡು ಸಂಸ್ಥೆ ಸೇರುವಂತಿಲ್ಲ ಎಂಬುದೂ ನೆನಪಿರಲಿ. ಅಮೆರಿಕದಿಂದ ನೇರವಾಗಿ ರಾಯಲ್ಟಿ ಬರುವುದಿದ್ದರೆ ಡಬ್ಲ್ಯು-8ಬೆನ್ ನಮೂನೆ ತುಂಬಿಕೊಡಬೇಕು. ಇಲ್ಲದಿದ್ದರೆ 30 ಶೇಕಡಾ ತೆರಿಗೆ ಅಲ್ಲೇ ಹಿಡಿಯುತ್ತಾರೆ, ಎರಡು ದೇಶಗಳ ತೆರಿಗೆ ಒಪ್ಪಂದದ ದರ 15. ಇದು ಬಿ.ಕಾಂ. ಓದಿದವರಿಗೆ ವಿವರಿಸಬೇಕಿಲ್ಲ.

ಪ್ರಕಾಶಕರು? ಆರ್ಕೆಸ್ಟ್ರಾ ಪಾರ್ಟುಗಳನ್ನು ಬಾಡಿಗೆಗೆ ಕೊಡುತ್ತಾರೆ, ಚೇಂಬರ್ ಸಂಗೀತವನ್ನು ಮಾರುತ್ತಾರೆ. ಮಾರಿದ ಪ್ರತಿಗೆ ಸಂಯೋಜಕರಿಗೆ ಸಿಗುವುದು ಬೆಲೆಯ ಹತ್ತನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಜೆನಿಫರ್ ಹಿಗ್ಡನ್ ಅವರಂಥ ಹೆಸರುವಾಸಿಗಳೂ ತಮ್ಮದೇ ಪ್ರಕಾಶನ ಇಟ್ಟುಕೊಂಡಿದ್ದಾರೆ. ಶುರುವಿನಲ್ಲಿ ಪಿಡಿಎಫ್ ಮಾರುವುದೇ ಸರಿ.

ಒಪ್ಪಂದದ ವಿಷಯಕ್ಕೆ ಬಂದರೆ ಹೈಡನ್‌ನ ಕಥೆ ಇಂದಿಗೂ ಹೊಂದುತ್ತದೆ. 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಜೊತೆ ಮಾಡಿಕೊಂಡ ಕರಾರಿನಂತೆ ಆತ ಬರೆದದ್ದೆಲ್ಲ ಅರಸನ ಸೊತ್ತು, ಬೇರೆಯವರಿಗೆ ಅನುಮತಿಯಿಲ್ಲದೆ ಬರೆಯುವಂತಿಲ್ಲ. 1779ರ ಹೊಸ ಕರಾರಿನಲ್ಲಿ ಆ ಷರತ್ತು ಬಿದ್ದುಹೋಯಿತು. 1781ರಲ್ಲಿ ಓಪಸ್ 33ರ ಆರು ಕ್ವಾರ್ಟೆಟ್ ಬರೆದು ವಿಯೆನ್ನಾದ ಪ್ರಕಾಶಕರಿಗೆ ಕೊಟ್ಟ, ಅದಕ್ಕೂ ಮೊದಲು ಕೈಬರಹದ ಪ್ರತಿಗಳನ್ನು ಚಂದಾದಾರರಿಗೆ ತಾನೇ ಮಾರಲು ಹೊರಟ. ಒಂದು ಷರತ್ತು ಹೋದದ್ದೇ ಸಂಗೀತ ಅರಮನೆಯ ಹೊರಗೆ ನಡೆಯಿತು. ನಿಮ್ಮ ಮಗಳ ಕೈಗೆ ಬರುವ ಕರಡಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಷರತ್ತನ್ನೇ. ತಂಡಕ್ಕೆ ಮೊದಲ ಪ್ರದರ್ಶನದ ಹಕ್ಕು, ಆಮೇಲೆ ಒಂದು ವರ್ಷ ಅದರದೇ ಏಕಸ್ವಾಮ್ಯ, ಧ್ವನಿಮುದ್ರಣಕ್ಕೆ ಎರಡು ವರ್ಷ ಮೊದಲ ಅವಕಾಶ, ಇಷ್ಟು ನ್ಯಾಯ. ‘ಶಾಶ್ವತವಾಗಿ’, ‘ಸಮಸ್ತ ಹಕ್ಕು’ ಎಂಬ ಪದ ಕಂಡರೆ ಸಹಿ ಬೇಡ. ಮೊದಲ ಪ್ರದರ್ಶನ ಇಷ್ಟು ತಾರೀಕಿನೊಳಗೆ ಆಗದಿದ್ದರೆ ಹಕ್ಕು ತಾನಾಗಿ ಮರಳುತ್ತದೆ ಎಂಬ ಸಾಲು ಇರಲೇಬೇಕು. ಇದೊಂದು ಸಾಲಿಲ್ಲದೆ ವರ್ಷಗಟ್ಟಲೆ ಒತ್ತೆಯಲ್ಲಿ ಬಿದ್ದ ಕೃತಿಗಳಿವೆ. ಹಣ ಅರ್ಧ ಸಹಿಯ ದಿನ, ಅರ್ಧ ಸ್ಕೋರು ಒಪ್ಪಿಸಿದ ದಿನ. ‘ಪ್ರದರ್ಶನದ ನಂತರ’ ಎಂದು ಬರೆದಿದ್ದರೆ ತಿದ್ದಿಸಿ, ಪ್ರದರ್ಶನ ರದ್ದಾದರೆ ಅರ್ಧ ದುಡ್ಡು ಹೋಯಿತು. ಪಾರ್ಟುಗಳ ಖರ್ಚು, ಪ್ರಯಾಣ ಬೇರೆ ಬಾಬ್ತು. ಅರ್ಜಿಗಳಿಗೆ ಬಳಸಲು ಕಛೇರಿಯ ಧ್ವನಿಮುದ್ರಣದ ಪ್ರತಿ ಕೊಡತಕ್ಕದ್ದು ಎಂಬುದೂ ಸೇರಲಿ. ನಮ್ಮ ಕಾಪಿರೈಟ್ ಕಾಯ್ದೆಯಂತೆ ಹಕ್ಕಿನ ವರ್ಗಾವಣೆಯಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ಹೊರದೇಶದ ಕಾನೂನಿಗೆ ಒಳಪಟ್ಟ ಕರಾರಿಗೆ ಈ ರಕ್ಷಣೆ ಸಿಗುವುದಿಲ್ಲ.

ಕನ್ನಡ ಕವಿತೆಯನ್ನು ಕ್ವಾರ್ಟೆಟ್‌ಗೂ ಗಾಯನಕ್ಕೂ ಹೊಂದಿಸುವ ಆಸೆ ಇಂದಲ್ಲ ನಾಳೆ ಹುಟ್ಟುತ್ತದೆ. ವಚನ, ಕೀರ್ತನೆಗಳಿಗೆ ಯಾರ ಅನುಮತಿಯೂ ಬೇಡ. ಆಧುನಿಕರಿಗೆ ನಮ್ಮಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ: ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರವರೆಗೆ. ಯುರೋಪಿನಲ್ಲಿ ಮಾಮೂಲು ಅವಧಿ 70 ವರ್ಷ. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡವರು, ಅವರ ಪದ್ಯಗಳು ಎರಡೂ ಲೆಕ್ಕದಲ್ಲಿ ಮುಕ್ತ. ಅನುಮತಿಯನ್ನು ಬರೆಯುವ ಮೊದಲೇ ಪತ್ರದಲ್ಲಿ ಪಡೆಯಬೇಕು, ಮುಗಿಸಿದ ಮೇಲಲ್ಲ.

ಓದು ಬೇಕೇ? ಸಿದ್ಧಾಂತವನ್ನು ಇಲ್ಲೇ ಎಂಟನೇ ಗ್ರೇಡಿನವರೆಗೆ ಮುಗಿಸಬಹುದು, ಚೆನ್ನೈಯ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಆದರೂ ವಿದೇಶದ ಸ್ನಾತಕೋತ್ತರದಿಂದ ಸಿಗುವ ದೊಡ್ಡ ಲಾಭ ಪಾಠವಲ್ಲ, ಅದೇ ವಯಸ್ಸಿನ ವಾದಕರ ಸಹವಾಸ. ಮುಂದಿನ ಹದಿನೈದು ವರ್ಷ ಕೃತಿ ನುಡಿಸುವವರು ಆ ಸಹಪಾಠಿಗಳೇ. ಜರ್ಮನಿಯ ಬಹುತೇಕ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಶುಲ್ಕ ಹೆಸರಿಗಷ್ಟೇ, ಆದರೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿದೆ. ಸ್ಟುಟ್‌ಗಾರ್ಟ್, ಫ್ರೈಬುರ್ಗ್ ಅಲ್ಲೇ ಬರುತ್ತವೆ. ಅಮೆರಿಕದಲ್ಲಿ ಕರ್ಟಿಸ್ ಮತ್ತು ಯೇಲ್‌ನ ಸಂಗೀತ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ, ಪ್ರವೇಶವೇ ಕಷ್ಟ. ಎಲ್ಲೇ ಆಗಲಿ ಮೂರು ನಾಲ್ಕು ಕೃತಿ ಕೇಳುತ್ತಾರೆ, ಅದರಲ್ಲಿ ಎರಡಕ್ಕಾದರೂ ಮನುಷ್ಯರು ನುಡಿಸಿದ ಧ್ವನಿಮುದ್ರಣ ಇರಬೇಕು. ಸ್ಪರ್ಧೆಗಳಿಗೆ ಹಲವು ಕಡೆ 30 ಅಥವಾ 35ರ ವಯೋಮಿತಿ. ಪ್ರವೇಶ ಶುಲ್ಕ ಕೇಳಿ, ಪ್ರದರ್ಶನವನ್ನಾಗಲಿ ಧ್ವನಿಮುದ್ರಣವನ್ನಾಗಲಿ ಖಾತ್ರಿ ಕೊಡದ ಸ್ಪರ್ಧೆಗೆ ದುಡ್ಡು ಸುರಿಯಬೇಡಿ.

ಈ ವರ್ಷ ಮಾಡಬೇಕಾದದ್ದು ಒಂದೇ. ಮೂರು ಕ್ವಾರ್ಟೆಟ್‌ಗಳಲ್ಲಿ ಒಂದನ್ನು ಆರಿಸಿ ಆರೇಳು ನಿಮಿಷಕ್ಕೆ ಇಳಿಸಲಿ. ಬೆಂಗಳೂರಿನಲ್ಲಿ ಸ್ಟಾಫ್ ನೊಟೇಶನ್ ಓದುವ ನಾಲ್ವರು ಸಿಗುತ್ತಾರೆ. ಸಿಗದಿದ್ದರೆ ಚೆನ್ನೈಯ ಸಿನಿಮಾ ಧ್ವನಿಮುದ್ರಣಗಳಲ್ಲಿ ನುಡಿಸುವವರು, ಹಾಳೆ ಕೊಟ್ಟೊಡನೆ ಓದುವುದರಲ್ಲಿ ಪಳಗಿದವರು. ಪುಕ್ಕಟೆ ಕರೆಯಬೇಡಿ. ಎರಡೂವರೆ ಗಂಟೆಯ ಎರಡು ತಾಲೀಮು, ಮೂರನೆಯ ದಿನ ಧ್ವನಿಮುದ್ರಣ. ಪಾರ್ಟುಗಳು ಮೂರು ವಾರ ಮೊದಲೇ ಅವರ ಕೈಯಲ್ಲಿರಲಿ. ಮೊದಲ ಸಲ ನುಡಿಸುವಾಗ ಆಕೆ ಬಾಯಿ ತೆರೆಯಬಾರದು, ಅವರೇ ಎಡವಿ ಎದ್ದುಕೊಳ್ಳಲಿ. ಮುಗಿದ ಮೇಲೆ ನಾಲ್ಕೂ ಪಾರ್ಟುಗಳನ್ನು ವಾಪಸ್ ಕೇಳಿ ಇಸಿದುಕೊಂಡು ಮನೆಯಲ್ಲಿ ಕೂತು ಪೆನ್ಸಿಲ್ ಗುರುತುಗಳನ್ನು ನೋಡಲಿ. ಬೆರಳ ಸಂಖ್ಯೆ ಬರೆದು ಹೊಡೆದು ಮತ್ತೆ ಬರೆದಿರುವ ಜಾಗ ಕೈಗೆ ಕೂರುತ್ತಿಲ್ಲ. ಎಣಿಕೆಯ ಗೀಟು ಎಳೆದುಕೊಂಡಿರುವ ಜಾಗದಲ್ಲಿ ಬಾರ್ ಹಂಚಿಕೆ ತಪ್ಪಿದೆ. ‘ಇಲ್ಲಿ ಹುಷಾರು’ ಎನ್ನಲು ವಾದಕರು ಸಣ್ಣ ಕನ್ನಡಕದ ಚಿತ್ರ ಬರೆದುಕೊಳ್ಳುವುದುಂಟು. ನಾಲ್ಕರಲ್ಲೂ ಒಂದೇ ಬಾರಿನ ಮೇಲೆ ಕನ್ನಡಕ ಕಂಡರೆ ತಿದ್ದುವ ಕೆಲಸ ಅಲ್ಲಿಂದ ಶುರುವಾಗಲಿ.